ಮೇಜು ನಿಂತ ಮೇಲೂ ತೂಗುವ ಕಟ್ಟಡ

ಬೆಂಗಳೂರಿನ ಸದಾಶಿವನಗರದ ಬಳಿಯ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಆರ್‌ಐ, ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್‌ಗಳ ಪರೀಕ್ಷೆಗೆ ಹೆಸರಾದ ಜಾಗ. ಬೇಕೆಂದಾಗ ಭೂಕಂಪ ಬರಿಸುವ ಮೇಜೂ ಅಲ್ಲಿದೆ ಎಂಬುದು ಊರಿನ ಹೆಚ್ಚಿನವರಿಗೆ ಗೊತ್ತಿಲ್ಲ. 3 ಮೀಟರ್ ಉದ್ದ, 3 ಮೀಟರ್ ಅಗಲದ ಈ ಶೇಕ್ ಟೇಬಲ್ 10 ಟನ್ ತೂಕ ಹೊತ್ತು ಮೂರೂ ದಿಕ್ಕಿಗೆ ಅಲುಗಬಲ್ಲದು, ಮೂರೂ ಅಕ್ಷಗಳ ಸುತ್ತ ಹೊರಳಬಲ್ಲದು. ವಿದ್ಯುತ್ ಸ್ಥಾವರಗಳ ಪ್ಯಾನೆಲ್‌ಗಳಷ್ಟೇ ಅಲ್ಲ, ಕಟ್ಟಡಗಳ ಮಾದರಿಗಳೂ ಇಂಥ ಮೇಜು ಹತ್ತುತ್ತವೆ.

ಬಹುಮಹಡಿ ಕಟ್ಟಡ 10 ಟನ್ನಿನಲ್ಲಿ ಮುಗಿಯುವುದಿಲ್ಲ. ಹಾಗಾಗಿ ಕಂಬ, ತೊಲೆಗಳ ಚೌಕಟ್ಟನ್ನು ಚಿಕ್ಕ ಅಳತೆಯಲ್ಲಿ ಕಟ್ಟಿ, ಮಹಡಿ ಮಹಡಿಗೂ ಕಬ್ಬಿಣದ ತೂಕ ಬಿಗಿಯುತ್ತಾರೆ. ಮಾದರಿ ಕಾಲು ಭಾಗದ್ದಾದರೆ ಸಮಯ ಅರ್ಧಕ್ಕಿಳಿಯುತ್ತದೆ: 30 ಸೆಕೆಂಡಿನ ಭೂಕಂಪವನ್ನು 15 ಸೆಕೆಂಡಿನಲ್ಲಿ ಮುಗಿಸಬೇಕು. 1940ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೊದಲ್ಲಿ ದಾಖಲಾದ ನೆಲದ ಚಲನೆಯನ್ನು ಇಂಥ ಪರೀಕ್ಷೆಗಳಲ್ಲಿ ಇಂದಿಗೂ ಬಳಸುತ್ತಾರೆ.

ಮೇಜು ನಿಂತಾಗ ನೋಡುಗರಿಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ತಳ್ಳುವ ಕೈ ಸರಿದ ಮೇಲೂ ಉಯ್ಯಾಲೆ ತೂಗುವ ಹಾಗೆ ಚೌಕಟ್ಟು ಮಾತ್ರ ಓಲಾಡುತ್ತಲೇ ಇರುತ್ತದೆ. ಇದೇ ಮುಕ್ತ ಕಂಪನ. ಇಡೀ ಪರೀಕ್ಷೆಯಲ್ಲಿ ಹೆಚ್ಚು ಕಲಿಸುವುದು ಈ ಭಾಗವೇ ಎಂದು ನನ್ನ ನಂಬಿಕೆ. ಮೇಜು ಅಲುಗುವಾಗಿನ ದಾಖಲೆಯಲ್ಲಿ ನೆಲದ ಪಾಲೆಷ್ಟು, ಕಟ್ಟಡದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ನಿಂತ ಮೇಲೆ ಉಳಿಯುವುದು ಕಟ್ಟಡದ ಗುಣ ಮಾತ್ರ.

ಮೂರು ಮಹಡಿಯ ಸರಳ ಚೌಕಟ್ಟಿಗೆ ಒಂದು ದಿಕ್ಕಿನಲ್ಲಿ ಮೂರು ಬಗೆಯ ಓಲಾಟ. ಮೊದಲನೆಯದರಲ್ಲಿ ಎಲ್ಲ ಮಹಡಿಗಳೂ ಒಂದೇ ಕಡೆ ವಾಲುತ್ತವೆ. ಉಳಿದೆರಡರಲ್ಲಿ ಒಂದು ಮಹಡಿ ಬಲಕ್ಕೆ ಹೋದರೆ ಇನ್ನೊಂದು ಎಡಕ್ಕೆ. ಈ ಎರಡು ಬಗೆಗಳೂ ಚುರುಕಿನವು, ಸಾಮಾನ್ಯವಾಗಿ ಬೇಗ ಅಡಗುತ್ತವೆ. ಆಮೇಲೆ ಉಪಕರಣದ ಗೆರೆ ಚೊಕ್ಕವಾಗುತ್ತದೆ. ಎರಡು ಶಿಖರಗಳ ನಡುವಿನ ಸಮಯವೇ ಚೌಕಟ್ಟಿನ ಆವರ್ತಕಾಲ.

ಶಿಖರಗಳು ತಗ್ಗುವ ವೇಗದಿಂದ ಡ್ಯಾಂಪಿಂಗ್ ತಿಳಿಯುತ್ತದೆ. ಕೀಲುಗಳ ತಿಕ್ಕಾಟ, ಕಾಂಕ್ರೀಟಿನ ಸಣ್ಣ ಬಿರುಕುಗಳು ಕಂಪನದ ಶಕ್ತಿಯನ್ನು ನುಂಗುವ ಪ್ರಮಾಣ ಅದು. ನಮ್ಮ ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿ, ಕಟ್ಟಡ ಕಾಂಕ್ರೀಟಿನದಾಗಲಿ ಉಕ್ಕಿನದಾಗಲಿ, ಇದನ್ನು ಓಲಾಟವೇ ಆಗದಂತೆ ತಡೆಯುವ ಮಟ್ಟದ ಶೇ 5 ಎಂದು ಹಿಡಿಯುತ್ತದೆ. ಅಷ್ಟಿದ್ದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ಸುಮಾರು ಶೇ 27ರಷ್ಟು ಕುಗ್ಗಿ, ಹತ್ತು ಸುತ್ತಿನಲ್ಲಿ ಶೇ 4ರ ಆಸುಪಾಸಿಗೆ ಬರುತ್ತದೆ. ಶೇ 1 ಮಾತ್ರ ಇದ್ದರೆ ಹತ್ತು ಸುತ್ತಿನ ನಂತರವೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಜಪಾನಿನ ಒಸಾಕಾ ನಗರ 2011ರ ಮಾರ್ಚ್ 11ರಂದು ಕಂಡಿತು. ತೊಹೊಕು ಭೂಕಂಪದ ಕೇಂದ್ರದಿಂದ ಸುಮಾರು 770 ಕಿ.ಮೀ. ದೂರದಲ್ಲಿದ್ದರೂ ಅಲ್ಲಿನ 55 ಮಹಡಿಯ ಸರ್ಕಾರಿ ಕಟ್ಟಡವೊಂದು ಸುಮಾರು 10 ನಿಮಿಷ ತೂಗಾಡಿತು. ನೆಲದ ನಿಧಾನ ಅಲೆಗಳ ಲಯ ಕಟ್ಟಡದ ಲಯಕ್ಕೆ ಕೂಡಿಬಂದಿತ್ತು, ಡ್ಯಾಂಪಿಂಗ್ ತೀರಾ ಕಡಿಮೆಯಿತ್ತು. ಮುಂದೆ ಅದಕ್ಕೆ ಡ್ಯಾಂಪರ್‌ಗಳನ್ನು ಅಳವಡಿಸಿದರು.

ಕಣ್ಣಿಗೆ ಬೀಳದ ಪೆಟ್ಟನ್ನೂ ಮುಕ್ತ ಕಂಪನ ಹಿಡಿದುಕೊಡುತ್ತದೆ. ಪರೀಕ್ಷೆಗೆ ಮುನ್ನ ಮೆಲ್ಲಗೆ ಅಲುಗಿಸಿ ಅಳೆದ ಆವರ್ತಕಾಲ, ಆಮೇಲೆ ಅಳೆದಾಗ 1.4 ಪಟ್ಟು ಆಗಿದ್ದರೆ ಚೌಕಟ್ಟಿನ ಬಿಗಿತ ಅರ್ಧದಷ್ಟು ಹೋಗಿದೆ ಎಂದರ್ಥ, ಹೊರಗೆ ಬಣ್ಣ ಮಾಸದಿದ್ದರೂ. ತೀರಾ ನಲುಗಿದ ಚೌಕಟ್ಟು ಹಳೆಯ ನೆಲೆಗೆ ಮರಳುವುದೂ ಇಲ್ಲ. ತುಸು ವಾಲಿದ ಹೊಸ ನೆಲೆಯ ಸುತ್ತಲೇ ಓಲಾಡಿ ನಿಲ್ಲುತ್ತದೆ.

ಇದನ್ನು ಕಲಿಯಲು ದೊಡ್ಡ ಮೇಜೇ ಬೇಕೆಂದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎಸ್. ಮನೋಹರ್ ಮತ್ತು ಎಸ್. ವೆಂಕಟೇಶ, ಭೂಕಂಪ ಎಂಜಿನಿಯರಿಂಗ್ ಪಾಠಕ್ಕೆಂದೇ ಮೂರು ಮಹಡಿಯ ಪುಟ್ಟ ಚೌಕಟ್ಟಿನಂಥ ಸಲಕರಣೆಗಳನ್ನು ರೂಪಿಸಿದ್ದಾರೆ. ನಮ್ಮ ಪ್ರತಿ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲೂ ಅಂಥದ್ದೊಂದು ಇರಲೇಬೇಕು. ಮೇಲಿನ ಮಹಡಿಯನ್ನು ಬೆರಳಿನಿಂದ ಎಳೆದು ಬಿಟ್ಟು, ಶಿಖರಗಳನ್ನು ಅಳೆದು, ಡ್ಯಾಂಪಿಂಗ್ ಲೆಕ್ಕ ಹಾಕಲು ವಿದ್ಯಾರ್ಥಿಗೆ ಒಂದು ಮಧ್ಯಾಹ್ನ ಸಾಕು.