ಅಂತರರಾಷ್ಟ್ರೀಯ ಗಾಲ್ಫ್‌ನಲ್ಲಿ ತಂಡ ಮ್ಯಾಚ್ ಪ್ಲೇ: ಸ್ವರೂಪ ಮತ್ತು ವಿಸ್ತಾರ

ಗಾಲ್ಫ್ ಸ್ವಭಾವತಃ ಏಕಾಂಗಿಯ ಆಟ. ವೃತ್ತಿಪರ ಪಂದ್ಯಾವಳಿಗಳಲ್ಲಿ ಬಹುಪಾಲು ಸ್ಟ್ರೋಕ್ ಪ್ಲೇ ಕ್ರಮದವು. ಸಾಮಾನ್ಯವಾಗಿ 72 ಹೋಲ್‌ಗಳನ್ನು ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ವಿಜೇತರು. ಮ್ಯಾಚ್ ಪ್ಲೇ ಕ್ರಮದಲ್ಲಾದರೋ ಪ್ರತಿಯೊಂದು ಹೋಲ್ ಪ್ರತ್ಯೇಕ ಸ್ಪರ್ಧೆ. ಒಂದು ಹೊಡೆತದಿಂದ ಸೋತರೂ ಐದು ಹೊಡೆತಗಳಿಂದ ಸೋತರೂ ನಷ್ಟ ಒಂದೇ ಹೋಲ್. ಆದುದರಿಂದ ಹೆಸರಾಂತ ಆಟಗಾರನನ್ನು ಸಾಮಾನ್ಯನೂ ಒಂದು ದಿನ ಮಣಿಸಬಲ್ಲನು. ಆ ಗೆಲುವು ತಂಡಕ್ಕೆ ಪೂರ್ಣ ಅಂಕವಾಗಿ ಸಲ್ಲುತ್ತದೆ. ಏಕಾಂಗಿಯ ಆಟವು ತಂಡದ ಆಟವಾಗುವುದು ಈ ಮಾರ್ಗದಿಂದ.

ಈ ಕ್ರಮದ ಪ್ರಧಾನ ನಿದರ್ಶನ ರೈಡರ್ ಕಪ್. ಇಂಗ್ಲೆಂಡಿನ ಬೀಜ ವ್ಯಾಪಾರಿ ಸ್ಯಾಮ್ಯುಯೆಲ್ ರೈಡರ್ ನೀಡಿದ ಈ ಪ್ರಶಸ್ತಿಗಾಗಿ 1927ರಲ್ಲಿ ಅಮೆರಿಕದ ವೂಸ್ಟರ್‌ನಲ್ಲಿ ಮೊದಲ ಸ್ಪರ್ಧೆ ನಡೆಯಿತು. ಆರಂಭದಲ್ಲಿ ಎರಡೇ ಪ್ರಕಾರಗಳಿದ್ದವು: ಜೊತೆಗಾರರಿಬ್ಬರು ಒಂದೇ ಚೆಂಡನ್ನು ಸರದಿಯಂತೆ ಹೊಡೆಯುವ ಫೋರ್‌ಸಮ್ಸ್ ಹಾಗೂ ಸಿಂಗಲ್ಸ್. ಪಂದ್ಯಗಳು 1961ರಲ್ಲಿ 36 ಹೋಲ್‌ಗಳಿಂದ 18ಕ್ಕೆ ಇಳಿದವು. ಒಟ್ಟು ಅಂಕಗಳು 12ರಿಂದ 24ಕ್ಕೆ ಏರಿದವು. ಜೊತೆಗಾರರು ತಮ್ಮ ತಮ್ಮ ಚೆಂಡನ್ನೇ ಆಡಿ, ಇಬ್ಬರಲ್ಲಿ ಉತ್ತಮವಾದ ಎಣಿಕೆಯನ್ನು ಪಡೆಯುವ ಫೋರ್‌ಬಾಲ್ 1963ರಲ್ಲಿ ಸೇರಿತು.

ಆದರೆ ಪ್ರಕಾರಗಳ ಬದಲಾವಣೆಯಿಂದಷ್ಟೇ ಸಮತೋಲನ ಒದಗಲಿಲ್ಲ. 1935ರಿಂದ 1977ರವರೆಗೆ ಬ್ರಿಟನ್ನಿನ ಪಾಲಿಗೆ ದಕ್ಕಿದುದು 1957ರ ಒಂದು ಗೆಲುವು ಮತ್ತು 1969ರ ಒಂದು ಸಮಬಲ ಮಾತ್ರ. ಅಮೆರಿಕದ ಆಟಗಾರ ಜ್ಯಾಕ್ ನಿಕ್ಲಾಸ್ ಅವರ ಸಲಹೆಯಂತೆ 1979ರಲ್ಲಿ ಯೂರೋಪ್ ಖಂಡದ ಆಟಗಾರರಿಗೂ ಅವಕಾಶ ದೊರೆಯಿತು. 1985ರಲ್ಲಿ ಯೂರೋಪ್ ಗೆದ್ದಿತು. 1987ರಲ್ಲಿ ಅಮೆರಿಕದ ನೆಲದಲ್ಲಿಯೇ ಜಯಿಸಿತು. ತಂಡದ ಎಲ್ಲೆಯನ್ನು ವಿಸ್ತರಿಸಿದುದರಿಂದ ಸ್ಪರ್ಧೆಯೇ ಮರುಜೀವ ಪಡೆಯಿತೆನ್ನಬಹುದು.

ಒಕ್ಕೂಟ ರಚನೆಯೊಂದೇ ಸಾಕೆಂದು ಇದರಿಂದ ತೀರ್ಮಾನಿಸಲಾಗದು. ಯೂರೋಪಿನ ಹೊರಗಿನ ದೇಶಗಳ ತಂಡವು ಅಮೆರಿಕವನ್ನು ಎದುರಿಸುವ ಪ್ರೆಸಿಡೆಂಟ್ಸ್ ಕಪ್ 1994ರಲ್ಲಿ ಆರಂಭವಾಯಿತು. 2024ರವರೆಗಿನ 15 ಸ್ಪರ್ಧೆಗಳಲ್ಲಿ ಅಮೆರಿಕ 13ನ್ನು ಗೆದ್ದಿದೆ. 1998ರಲ್ಲಿ ಸೋತಿತು, 2003ರಲ್ಲಿ ಸಮಬಲ ಸಾಧಿಸಿತು. ಆದರೂ ಸ್ವಂತ ತಂಡ ಕಟ್ಟುವಷ್ಟು ಆಟಗಾರರಿಲ್ಲದ ದೇಶದವರಿಗೆ ಅದು ಬಾಗಿಲು ತೆರೆದಿದೆ. 2015ರಲ್ಲಿ ಅನಿರ್ಬನ್ ಲಾಹಿರಿ ಅದರಲ್ಲಿ ಆಡಿದ ಮೊದಲ ಭಾರತೀಯರಾದರು.

ರಾಷ್ಟ್ರಗಳೇ ತಂಡಗಳಾಗಬೇಕಾದಲ್ಲಿ ಸಮಸ್ಯೆ ಜಟಿಲ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ ಗಾಲ್ಫ್ ತಂಡ ಸ್ಪರ್ಧೆಯಲ್ಲಿದ್ದ ಮೂರು ತಂಡಗಳೂ ಅಮೆರಿಕದವೇ. 2016ರಲ್ಲಿ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದಾಗ ವೈಯಕ್ತಿಕ ಸ್ಟ್ರೋಕ್ ಪ್ಲೇ ಸ್ಪರ್ಧೆಗಳು ಮಾತ್ರ ಇದ್ದವು. ಇದಕ್ಕೆ ಭಿನ್ನವಾಗಿ, ಮಹಿಳೆಯರಿಗಾಗಿ 2014ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕ್ರೌನ್ ತಲಾ ನಾಲ್ವರು ಆಟಗಾರ್ತಿಯರ ಎಂಟು ರಾಷ್ಟ್ರಗಳನ್ನು ಮ್ಯಾಚ್ ಪ್ಲೇಗೆ ತಂದಿತು; ಮೊದಲ ವಿಜೇತ ರಾಷ್ಟ್ರ ಸ್ಪೇನ್. ರೈಡರ್ ಕಪ್‌ನಂತೆ ಹನ್ನೆರಡು ಮಂದಿಯನ್ನು ಒದಗಿಸಬಲ್ಲ ರಾಷ್ಟ್ರಗಳು ವಿರಳ. ನಾಲ್ವರನ್ನು ಒದಗಿಸಬಲ್ಲವು ಹೆಚ್ಚು. ತಂಡದ ಗಾತ್ರವೇ ಪ್ರವೇಶದ ಎಲ್ಲೆಯನ್ನು ನಿರ್ಧರಿಸುತ್ತದೆ ಎಂಬುದನ್ನು ಹೊಸ ಸ್ಪರ್ಧೆಗಳನ್ನು ರೂಪಿಸುವವರು ಮೊದಲು ಪರಿಗಣಿಸಬೇಕಾಗುತ್ತದೆ.