ಹಾರುಬೂದಿಯ ಇಟ್ಟಿಗೆಯೂ ಮನೆಯ ಗಾಳಿಯೂ

ಗೃಹಸಾಲದ ಕಡತಗಳಲ್ಲಿ ಗೋಡೆಯ ಅಳತೆ, ವಯಸ್ಸು, ಬೆಲೆಗಳೆಲ್ಲ ಇರುತ್ತವೆ. ಅದು ಯಾವ ವಸ್ತುವಿನಿಂದಾದುದೆಂದು ವಿಚಾರಿಸುವವರು ವಿರಳ. ಚೆನ್ನೈಯ ಉತ್ತರದಲ್ಲಿರುವ ಎಣ್ಣೂರಿನ ಉಷ್ಣವಿದ್ಯುತ್ ಸ್ಥಾವರವು 1970ರಿಂದ 2017ರವರೆಗೆ ಕಲ್ಲಿದ್ದಲನ್ನು ಸುಟ್ಟಿತು; ನೆರೆಯ ಉತ್ತರ ಚೆನ್ನೈ ಸ್ಥಾವರ ಇಂದಿಗೂ ಸುಡುತ್ತಿದೆ. ಇಂತಹ ಸ್ಥಾವರಗಳಿಂದ 50 ಕಿಲೋಮೀಟರ್ ಒಳಗಿನ ಇಟ್ಟಿಗೆ ತಯಾರಕರು ಮಣ್ಣಿಗೆ ಶೇಕಡಾ 25ರಷ್ಟಾದರೂ ಬೂದಿಯನ್ನು ಬೆರೆಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲಿ ವಿಧಿಸಿತು.

ಕಲ್ಲಿದ್ದಲಿನಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ, ರೇಡಿಯಂ ಇರುತ್ತವೆ. ಇಂಗಾಲವು ಉರಿದುಹೋದ ಮೇಲೆ ಇವು ಬೂದಿಯಲ್ಲಿ ಸಾಂದ್ರಗೊಳ್ಳುತ್ತವೆ. ರೇಡಿಯಂ ಕ್ಷಯಿಸುವಾಗ ಹುಟ್ಟುವ ಅನಿಲವೇ ರೇಡಾನ್, ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದ ಜನಿಸುವ ವಿಕಿರಣಶೀಲ ಕಣಗಳು ಶ್ವಾಸಕೋಶದಲ್ಲಿ ನೆಲೆಸಿ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಧೂಮಪಾನಿಗಳಿಗಂತೂ ಅಪಾಯ ಹೆಚ್ಚು.

ಹಾಗೆಂದು ಗೋಡೆ ಕೆಡಹಬೇಕಾಗಿಲ್ಲ. ಬೂದಿಯ ಕಣಗಳು ಗಾಜಿನಂತೆ ಬಿಗಿಯಾದುದರಿಂದ ರೇಡಾನಿನ ಬಹುಪಾಲು ಅವುಗಳ ಒಳಗೇ ನಶಿಸುತ್ತದೆ. ಅದರ ಅರ್ಧಾಯುಷ್ಯ ಕೇವಲ 3.8 ದಿನ. ರಸಗೊಬ್ಬರ ಕಾರ್ಖಾನೆಗಳ ತ್ಯಾಜ್ಯವಾದ ಫಾಸ್ಫೋಜಿಪ್ಸಮ್‌ನ ಹಲಗೆಗಳನ್ನು ಕೊಳ್ಳುವಾಗ ಮಾತ್ರ ರೇಡಿಯಂ ಪ್ರಮಾಣವನ್ನು ಕೇಳುವುದು ಲೇಸು. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ, ಘನಮೀಟರಿಗೆ 100 ಬೆಕೆರೆಲ್.

ಊರಿನ ತೊಟ್ಟಿಮನೆಯಲ್ಲಿ ಆಕಾಶವೇ ಒಳಗಿತ್ತು. ಇಲ್ಲಿ ನಾವು ಸೆಕೆಗೂ ಸೊಳ್ಳೆಗೂ ಅಂಜಿ, ಕಿಟಕಿಗಳನ್ನು ಮುಚ್ಚಿ, ಹವಾನಿಯಂತ್ರಕದ ಕೆಳಗೆ ಮಲಗುತ್ತೇವೆ. ಆ ಯಂತ್ರ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಂಪುಮಾಡಿ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ. ಬೆಳಗ್ಗೆ ಎದುರುಬದುರು ಕಿಟಕಿಗಳನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ರಾತ್ರಿಯೆಲ್ಲ ಕೂಡಿದ ರೇಡಾನ್ ಸಮುದ್ರದ ಗಾಳಿಯೊಡನೆ ಹೊರಟುಹೋಗುತ್ತದೆ.