ದೇವಾಲಯ ಮತ್ತು ಶಾಸನಗಳ ಛಾಯಾಗ್ರಹಣ: ಸಾಧನಗಳ ಆಯ್ಕೆ
(ಬಾಗಳಿಯ ಕಲ್ಲೇಶ್ವರ ದೇವಾಲಯದ ನಿದರ್ಶನದೊಡನೆ)

ಹರಪನಹಳ್ಳಿಯ ಸಮೀಪದಲ್ಲಿರುವ ಬಾಗಳಿ ಇಂದು ಒಂದು ಸಾಧಾರಣ ಗ್ರಾಮ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ೨೦೨೧ರಿಂದ ವಿಜಯನಗರ ಜಿಲ್ಲೆಯ ಭಾಗವಾಗಿದೆ. ಆದರೆ ಊರಿನ ಕಲ್ಲೇಶ್ವರ ದೇವಾಲಯವು ಸಾವಿರ ವರ್ಷಗಳಿಂದ ನಿಂತಲ್ಲಿಯೇ ನಿಂತಿದೆ. ರಾಷ್ಟ್ರಕೂಟರ ಕೊನೆಗಾಲದಲ್ಲಿ ಆರಂಭವಾಗಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಸ್ತಾರಗೊಂಡ ಕಟ್ಟಡ ಇದು. ಎರಡನೆಯ ತೈಲಪನ ಆಳ್ವಿಕೆಗೆ ಸೇರಿದ ೯೮೭ರ ಶಾಸನವೊಂದು ಇದರ ನಿರ್ಮಾಣವನ್ನು ದುಗ್ಗಿಮಯ್ಯನೆಂಬುವನಿಗೆ ಸಲ್ಲಿಸುತ್ತದೆ. ಬಳಪದ ಕಲ್ಲಿನ ಗರ್ಭಗೃಹ, ಅದಕ್ಕೆ ಹೊಂದಿದ ಮುಚ್ಚುಮಂಟಪ, ಮುಂದೆ ಬಗೆಬಗೆಯ ಕೆತ್ತನೆಯ ಕಂಬಗಳಿಂದ ತುಂಬಿದ ತೆರೆದ ಸಭಾಮಂಟಪ, ಇವುಗಳೊಡನೆ ಮೂವತ್ತಕ್ಕೂ ಹೆಚ್ಚು ಕನ್ನಡ ಶಾಸನಗಳು ಈ ಒಂದೇ ಸ್ಥಳದಲ್ಲಿ ದೊರೆತಿವೆ.

ಇಂತಹ ಸ್ಥಳಕ್ಕೆ ಪ್ರತಿವರ್ಷವೂ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಕ್ಯಾಮರಾ ಹಿಡಿದು ಹೋಗುತ್ತಾರೆ. ಹೋಗುವ ಮುನ್ನ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವ ಕ್ಯಾಮರಾವನ್ನು ಕೊಳ್ಳಬೇಕು?’ ಪ್ರಶ್ನೆಯ ಕ್ರಮವೇ ತಲೆಕೆಳಗಾಗಿದೆಯೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಶಿಲೆಯ ಛಾಯಾಗ್ರಹಣದಲ್ಲಿ ಮೊದಲು ಯೋಚಿಸತಕ್ಕದ್ದು ಬೆಳಕು, ಎರಡನೆಯದು ಆಸರೆ, ಮೂರನೆಯದು ಮಸೂರ, ಕ್ಯಾಮರಾ ಕಟ್ಟಕಡೆಯದು. ಹಣವನ್ನೂ ಇದೇ ಕ್ರಮದಲ್ಲಿ ವಿನಿಯೋಗಿಸುವುದು ಲೇಸು.

ಬಾಗಳಿಯ ಶಿಲ್ಪವನ್ನು ಅಲೆಗ್ಸಾಂಡರ್ ರೀ ೧೮೯೬ರಷ್ಟು ಹಿಂದೆಯೇ ತನ್ನ ಚಾಲುಕ್ಯ ವಾಸ್ತುಗ್ರಂಥದಲ್ಲಿ ಸೇರಿಸಿದ್ದಾನೆ. ಇಲ್ಲಿನ ಶಾಸನಗಳ ಪಾಠ ೧೯೩೯ರಲ್ಲಿ ಪ್ರಕಟವಾದ ದಕ್ಷಿಣ ಭಾರತ ಶಾಸನಮಾಲೆಯ ಒಂಬತ್ತನೆಯ ಸಂಪುಟದಲ್ಲಿ ದೊರೆಯುತ್ತದೆ. ಹಾಗಿದ್ದಮೇಲೆ ಮತ್ತೆ ಚಿತ್ರಗಳೇಕೆ ಎಂಬ ಸಂದೇಹ ಬರಬಹುದು. ಇದಕ್ಕೆ ನೆರೆಯ ಹಂಪೆಯೇ ಉತ್ತರ ಕೊಡುತ್ತದೆ. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಅವಶೇಷಗಳನ್ನು ಚಿತ್ರಿಸಿದನು. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಅವೇ ನೆಲೆಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಪುನಃ ತೆಗೆದನು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ೧೨೭ ವರ್ಷಗಳಲ್ಲಿ ಏನು ಬಿದ್ದಿತು, ಏನು ಉಳಿಯಿತು, ಯಾವುದನ್ನು ಸರಿಪಡಿಸಲಾಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಗ್ರೀನ್‌ಲಾನ ಸಾಧನ ಇಂದಿನ ಯಾವ ಅಗ್ಗದ ಕ್ಯಾಮರಾಕ್ಕಿಂತಲೂ ತೊಡಕಿನದು. ಆದರೂ ಅವನ ಚಿತ್ರ ಸಾಕ್ಷ್ಯವಾಗಿ ನಿಂತಿತು. ಛಾಯಾಚಿತ್ರವು ನೆನಪಿನ ವಸ್ತುವಾಗದೆ ಆಧಾರವಾಗಬೇಕಾದರೆ ತೆಗೆಯುವ ಕ್ರಮವೇ ಮುಖ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಈ ಮಾತನ್ನು ಬರೆಯುವವನು ಸ್ವಂತ ತಪ್ಪಿನಿಂದಲೇ ಇದನ್ನು ಕಲಿತದ್ದು. ವಿದ್ಯಾರ್ಥಿಯಾಗಿದ್ದಾಗ ಶಾಸನಕಲ್ಲುಗಳನ್ನು ಕ್ಯಾಮರಾದ ನೆತ್ತಿಯ ಮೇಲಣ ಫ್ಲಾಷಿನಿಂದ ನೇರವಾಗಿ ಬೆಳಗಿಸಿ, ಡಜನ್ನುಗಟ್ಟಲೆ ಚಿತ್ರ ತೆಗೆದು, ಮಹತ್ಕಾರ್ಯ ಸಾಧಿಸಿದವನಂತೆ ಹಿಂದಿರುಗಿದ್ದೆ. ಮನೆಯಲ್ಲಿ ಕುಳಿತು ನೋಡಿದರೆ ಕಲ್ಲಿನ ಪ್ರತಿಯೊಂದು ಕಣವೂ ಸ್ಫುಟವಾಗಿತ್ತು, ಅಕ್ಷರಗಳು ಮಾತ್ರ ಇರಲಿಲ್ಲ. ಪಕಾರವೋ ವಕಾರವೋ ತಿಳಿಯದು. ಕಾಲವನ್ನು ಹೇಳುವ ಸಾಲಿನ ಅಂಕೆ ಯಾವುದೆಂದು ನಿಶ್ಚಯವಾಗದು. ಒಂದು ಅಂಕೆ ತಪ್ಪಿದರೆ ದಾನವೊಂದು ಮತ್ತೊಬ್ಬ ಅರಸನ ಕಾಲಕ್ಕೆ ಹೋಗಿಬಿಡುತ್ತದೆ. ಕ್ಯಾಮರಾದಲ್ಲಿ ದೋಷವಿರಲಿಲ್ಲ, ಬೆಳಕು ಬಂದ ದಿಕ್ಕಿನಲ್ಲಿ ದೋಷವಿತ್ತು.

ಬೆಳಕು

ಕೆತ್ತಿದ ಅಕ್ಷರಕ್ಕೆ ತನ್ನದೇ ಆದ ಬಣ್ಣವಿಲ್ಲ. ಅದು ನಮಗೆ ಕಾಣುವುದು ನೆರಳಿನಿಂದ. ಎರಡು ಮಿಲಿಮೀಟರು ಆಳ, ಐದು ಮಿಲಿಮೀಟರು ಅಗಲವಿರುವ ಗೀರೊಂದನ್ನು ಭಾವಿಸೋಣ. ಬೆಳಕು ನೇರವಾಗಿ ಎದುರಿನಿಂದ ಬಿದ್ದರೆ ನೆರಳೇ ಇಲ್ಲ. ಕಲ್ಲಿನ ಮೈಗೆ ೪೫ ಡಿಗ್ರಿ ಓರೆಯಾಗಿ ಬಿದ್ದರೆ ನೆರಳು ಎರಡು ಮಿಲಿಮೀಟರು ಮಾತ್ರ; ಗೀರಿನ ಅರ್ಧಭಾಗವೂ ತುಂಬದು. ೨೦ ಡಿಗ್ರಿಗೆ ಇಳಿಸಿದರೆ ನೆರಳು ಸುಮಾರು ಐದೂವರೆ ಮಿಲಿಮೀಟರಾಗಿ ಗೀರು ಪೂರ್ತಿಯಾಗಿ ಕಪ್ಪಾಗುತ್ತದೆ. ಆಗ ಅಕ್ಷರವು ಮಸಿಯಿಂದ ಬರೆದಂತೆ ಎದ್ದು ಕಾಣುತ್ತದೆ. ಬೆಳಕಿಗೆ ಸಮಾನಾಂತರವಾಗಿರುವ ಗೀರುಗಳು ಮಾತ್ರ ಆಗಲೂ ಮರೆಯಾಗಿರುತ್ತವೆ. ಆದಕಾರಣ ಒಂದೇ ಕಲ್ಲನ್ನು, ಕ್ಯಾಮರಾವನ್ನು ಕದಲಿಸದೆ, ಎಡದಿಂದ, ಬಲದಿಂದ ಮತ್ತು ಮೇಲಿನಿಂದ ಬೆಳಗಿಸಿ ಕಡೆಯ ಪಕ್ಷ ಮೂರು ಚಿತ್ರಗಳನ್ನು ತೆಗೆಯಬೇಕು. ೨೦೦೧ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವನ ಸಹೋದ್ಯೋಗಿಗಳು ಪ್ರಕಟಿಸಿದ ವಿಧಾನವು ಇದೇ ತತ್ತ್ವದ ವಿಸ್ತಾರ: ಹಲವು ದಿಕ್ಕಿನ ಬೆಳಕಿನ ಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸಿ, ಓದುಗನು ತನಗೆ ಬೇಕಾದ ಕಡೆಗೆ ಬೆಳಕನ್ನು ತಿರುಗಿಸಿಕೊಳ್ಳುವಂತೆ ಮಾಡುವುದು.

ಹೊರಗೋಡೆಗಳಿಗೆ ಸೂರ್ಯನೇ ದೀಪ. ಬಾಗಳಿಯ ಅಕ್ಷಾಂಶ ಸುಮಾರು ೧೪.೮ ಡಿಗ್ರಿ ಉತ್ತರ, ದೇವಾಲಯ ಪೂರ್ವಾಭಿಮುಖ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಗೆ ಬಿಸಿಲು ಯಥೇಷ್ಟ, ಉತ್ತರದ ಗೋಡೆಗೆ ಇಲ್ಲವೇ ಇಲ್ಲ. ಜೂನ್ ತಿಂಗಳಲ್ಲಿ ಸೂರ್ಯನು ನೇರ ಪೂರ್ವಕ್ಕಿಂತ ಸುಮಾರು ೨೪ ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಅಂದಿನ ಎಳೆಬಿಸಿಲು ಉತ್ತರದ ಗೋಡೆಯನ್ನು ಸವರಿಕೊಂಡು ಹೋಗುವ ಆ ಸ್ವಲ್ಪ ಹೊತ್ತೇ ಅಲ್ಲಿನ ಶಿಲ್ಪಕ್ಕೆ ಸಕಾಲ. ಡಿಸೆಂಬರಿನ ಪ್ರವಾಸದಲ್ಲಿ ಉತ್ತರದ ಗೋಡೆಯ ಚಿತ್ರ ಚಪ್ಪಟೆಯಾಗಿ ಬಂದಿತೆಂದು ಹೊಸ ಕ್ಯಾಮರಾ ಕೊಳ್ಳುವವನು ಪಂಚಾಂಗವನ್ನು ಕೊಳ್ಳುವುದು ಮೇಲು.

ಒಳಗಿನ ಕೆಲಸಕ್ಕೆ ಬ್ಯಾಟರಿಯಿಂದ ಉರಿಯುವ ಸಣ್ಣ ಎಲ್‌ಇಡಿ ಫಲಕ ಅಥವಾ ಕ್ಯಾಮರಾದಿಂದ ಬೇರ್ಪಡಿಸಬಲ್ಲ ಫ್ಲಾಷು ಸಾಕು. ಬೇರ್ಪಡಿಸಬಲ್ಲದ್ದು ಎಂಬ ಗುಣವೇ ಮುಖ್ಯ, ಅದರ ಶಕ್ತಿಯಲ್ಲ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಎಣ್ಣೆಗಳನ್ನು ಕಲ್ಲಿಗೆ ಬಳಿಯುವ ಹಳೆಯ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಓರೆಬೆಳಕು ಇರುವಲ್ಲಿ ಅದು ಅನಾವಶ್ಯಕ, ಕಲ್ಲಿಗಂತೂ ಅಪಾಯಕರ.

ಆಸರೆ

ಮುಚ್ಚುಮಂಟಪದ ಮಬ್ಬಿನಲ್ಲಿ ದ್ಯುತಿರಂಧ್ರವನ್ನು ಎಫ್/೮ಕ್ಕೆ ಕಿರಿದುಗೊಳಿಸಿ, ಸಂವೇದನಶೀಲತೆಯನ್ನು ಐಎಸ್‌ಒ ೧೦೦ರಲ್ಲಿ ಇರಿಸಿದರೆ ಎರಡು ಸೆಕೆಂಡುಗಳಷ್ಟು ಕಾಲ ಬೆಳಕು ಬೇಕಾಗಬಹುದು. ಕೈಯಲ್ಲಿ ಹಿಡಿದು ಒಂದು ಸೆಕೆಂಡಿನ ೩೦ನೆಯ ಒಂದು ಭಾಗದಲ್ಲಿ ತೆಗೆಯಬೇಕೆಂದರೆ ಐಎಸ್‌ಒ ಸುಮಾರು ೬,೪೦೦ಕ್ಕೆ ಏರಬೇಕು. ಆಗ ಹುಟ್ಟುವ ಮರಳುಮರಳಾದ ಕಲೆಗಳಲ್ಲಿ ಕಲ್ಲಿನ ಸವಕಳಿಯಾವುದು, ಯಂತ್ರದ ದೋಷವಾವುದು ಎಂದು ತಿಳಿಯುವುದಿಲ್ಲ. ಟ್ರೈಪಾಡ್ ಎಂಬ ಮುಕ್ಕಾಲಿ ಆಸರೆಯು ಈ ೬೪ ಪಟ್ಟು ವ್ಯತ್ಯಾಸವನ್ನು ನೀಗಿಸುತ್ತದೆ. ಅದೇ ಲಾಭವನ್ನು ಮಸೂರದಿಂದ ಅಥವಾ ಕ್ಯಾಮರಾದಿಂದ ಪಡೆಯಬೇಕಾದರೆ ತೆರಬೇಕಾದ ಬೆಲೆ ಹಲವು ಪಟ್ಟು ಹೆಚ್ಚು.

ಕೊಳ್ಳುವಾಗ ಎತ್ತರಕ್ಕಿಂತ ದೃಢತೆಯನ್ನು ನೋಡಬೇಕು. ನೆಲಮಟ್ಟಕ್ಕೆ ಇಳಿಯಬಲ್ಲುದೇ ಎಂಬುದನ್ನೂ ನೋಡಬೇಕು, ಏಕೆಂದರೆ ಶಾಸನದ ಕೊನೆಯ ಸಾಲುಗಳು ಅನೇಕ ವೇಳೆ ನೆಲದ ಅಂಚಿನಲ್ಲಿರುತ್ತವೆ. ಕ್ಯಾಮರಾದ ಮಟ್ಟವನ್ನು ತೋರುವ ಪಾದರಸಮಟ್ಟದಂತಹ ಸಾಧನ, ಗುಂಡಿಯನ್ನು ಮುಟ್ಟದೆ ಚಿತ್ರ ತೆಗೆಯಲು ದೂರನಿಯಂತ್ರಕ, ಇವೆರಡೂ ಅಲ್ಪ ಬೆಲೆಯವು. ಈ ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವುದರಿಂದ ಆಸರೆಯನ್ನೂ ದೀಪಗಳನ್ನೂ ಬಳಸುವವರು ಅನುಮತಿಯ ವಿಷಯವನ್ನು ಹೊರಡುವ ಮೊದಲೇ ವಿಚಾರಿಸಿ ಇತ್ಯರ್ಥ ಮಾಡಿಕೊಳ್ಳಬೇಕು.

ಮಸೂರ

ಮಸೂರದ ನಾಭಿದೂರವನ್ನು ಅಭಿರುಚಿಯಿಂದಲ್ಲ, ಲೆಕ್ಕದಿಂದ ನಿರ್ಧರಿಸಬೇಕು. ೩೬ × ೨೪ ಮಿಲಿಮೀಟರಿನ ಪೂರ್ಣಪ್ರಮಾಣದ ಸಂವೇದಕವುಳ್ಳ ಕ್ಯಾಮರಾವನ್ನು ಲಂಬವಾಗಿ ಹಿಡಿದಿದ್ದೇವೆನ್ನೋಣ. ಮೂರು ಮೀಟರು ಎತ್ತರದ ಕಂಬವೊಂದು ಪೂರ್ತಿಯಾಗಿ ಕಾಣಬೇಕಾದರೆ ೫೦ ಮಿಲಿಮೀಟರಿನ ಮಸೂರದೊಡನೆ ನಾಲ್ಕು ಮೀಟರಿಗೂ ಮಿಗಿಲಾಗಿ ಹಿಂದೆ ಸರಿಯಬೇಕು. ೨೪ ಮಿಲಿಮೀಟರಿನದಾದರೆ ಎರಡು ಮೀಟರು ಸಾಕು. ಸಭಾಮಂಟಪದಲ್ಲಿ ನಾಲ್ಕು ಮೀಟರು ಹಿಂದೆ ಸರಿದರೆ ನಡುವೆ ಬೇರೊಂದು ಕಂಬ ಅಡ್ಡ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ೨೪ ಮಿಲಿಮೀಟರು ಅವಶ್ಯವಾಗುತ್ತದೆ. ಸಂವೇದಕ ಚಿಕ್ಕದಾದ ಎಪಿಎಸ್-ಸಿ ಕ್ಯಾಮರಾಗಳಲ್ಲಿ ಇದೇ ವಿಸ್ತಾರವನ್ನು ೧೬ ಮಿಲಿಮೀಟರಿನ ಮಸೂರ ಕೊಡುತ್ತದೆ.

ವಿಶಾಲಕೋನದ ಮಸೂರವನ್ನು ಮೇಲ್ಮುಖವಾಗಿ ಓರೆಮಾಡಿದರೆ ಕಂಬಗಳು ತುದಿಯಲ್ಲಿ ಒಂದರತ್ತ ಒಂದು ಬಾಗಿದಂತೆ ಕಾಣುತ್ತವೆ. ಇದನ್ನು ತಪ್ಪಿಸಲು ದುಬಾರಿ ಬೆಲೆಯ ವಿಶೇಷ ಮಸೂರಗಳಿವೆ. ಅವಿಲ್ಲದವರು ಕ್ಯಾಮರಾವನ್ನು ಸಮತಟ್ಟಾಗಿ ಇರಿಸಿ, ಕಂಬದ ಅರ್ಧ ಎತ್ತರಕ್ಕೆ ಏರಿಸಿ, ಹೆಚ್ಚಿನ ಅಂಚನ್ನು ಅನಂತರ ಕತ್ತರಿಸಿದರೆ ಆ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಶಾಸನಕ್ಕೆ ಬೇಕಾದುದು ಇದಕ್ಕೆ ತದ್ವಿರುದ್ಧ: ಸರಳರೇಖೆಯನ್ನು ಸರಳವಾಗಿಯೇ ಇರಿಸುವ, ಅಂಚಿನವರೆಗೂ ಸ್ಫುಟವಾದ ೫೦ರಿಂದ ೧೦೦ ಮಿಲಿಮೀಟರಿನೊಳಗಿನ ಮ್ಯಾಕ್ರೋ ಮಸೂರ. ಕಲ್ಲು ಓಡಿಹೋಗುವುದಿಲ್ಲವಾದ ಕಾರಣ ತಾನಾಗಿ ಕೇಂದ್ರೀಕರಿಸುವ ವ್ಯವಸ್ಥೆ ಅನಿವಾರ್ಯವಲ್ಲ. ಕೈಯಿಂದ ತಿರುಗಿಸುವ ಹಳೆಯ ಮಸೂರವೂ ಸಲ್ಲುತ್ತದೆ. ನಿಕಾನ್ ಸಂಸ್ಥೆ ೧೯೫೯ರಲ್ಲಿ ತಂದ ಎಫ್ ಜೋಡಣೆಯ ಮಸೂರಕ್ಕೆ ಸಂವೇದಕದಿಂದ ೪೬.೫ ಮಿಲಿಮೀಟರು ದೂರ ಬೇಕು. ಅದೇ ಸಂಸ್ಥೆಯ ಇಂದಿನ ಕನ್ನಡಿರಹಿತ ಕ್ಯಾಮರಾಗಳಲ್ಲಿ ಈ ದೂರ ೧೬ ಮಿಲಿಮೀಟರು. ಉಳಿದ ಅಂತರದಲ್ಲಿ ಒಂದು ಬಳೆಯನ್ನು ಸೇರಿಸಿದರೆ ಹಳೆಯ ಮಸೂರ ಹೊಸದಕ್ಕೆ ಹೊಂದಿಕೊಳ್ಳುತ್ತದೆ. ದ್ಯುತಿರಂಧ್ರವನ್ನು ಎಫ್/೮ ಅಥವಾ ಎಫ್/೧೧ರಲ್ಲಿ ಇರಿಸುವುದು ಉಚಿತ. ಎಫ್/೧೬ರ ಆಚೆಗೆ ಬೆಳಕಿನ ಬಾಗುವಿಕೆಯಿಂದಲೇ ಚಿತ್ರ ಮಂಕಾಗತೊಡಗುತ್ತದೆ.

ನುಣುಪಾಗಿ ಕಡೆದ ಕಂಬಗಳು ಹೊರಗಿನ ಬೆಳಕನ್ನು ಪ್ರತಿಫಲಿಸಿ ಕೆತ್ತನೆಯನ್ನು ಮುಚ್ಚುವುದುಂಟು. ಧ್ರುವೀಕರಣ ಶೋಧಕವು ಈ ಹೊಳಪನ್ನು ತಗ್ಗಿಸುತ್ತದೆ. ಶೋಧಕಗಳಲ್ಲಿ ಕೊಳ್ಳತಕ್ಕದ್ದು ಇದೊಂದೇ.

ಕ್ಯಾಮರಾ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ೧.೮ ಮೀಟರು ಎತ್ತರದ ಶಾಸನಕಲ್ಲನ್ನು ೨೪ ಮೆಗಾಪಿಕ್ಸೆಲ್ ಕ್ಯಾಮರಾದ ೬,೦೦೦ ಬಿಂದುಗಳ ಉದ್ದದಲ್ಲಿ ತುಂಬಿದರೆ ಒಂದೊಂದು ಬಿಂದುವಿಗೆ ಕಲ್ಲಿನ ೦.೩ ಮಿಲಿಮೀಟರು ಸಲ್ಲುತ್ತದೆ. ಎರಡೂವರೆ ಸೆಂಟಿಮೀಟರಿನ ಅಕ್ಷರಕ್ಕೆ ೮೦ಕ್ಕೂ ಮಿಗಿಲಾದ ಬಿಂದುಗಳು, ಎರಡು ಮಿಲಿಮೀಟರಿನ ಗೀರಿಗೆ ಆರೇಳು ಬಿಂದುಗಳು ದೊರೆಯುತ್ತವೆ. ಓದುವುದಕ್ಕೆ ಇಷ್ಟು ಧಾರಾಳ. ಇನ್ನೂ ಸೂಕ್ಷ್ಮತೆ ಬೇಕಾದರೆ ಕಲ್ಲನ್ನು ಮೇಲರ್ಧ, ಕೆಳಅರ್ಧವೆಂದು ಎರಡು ಚಿತ್ರಗಳಲ್ಲಿ ತೆಗೆದರಾಯಿತು. ಹೀಗಾಗಿ ೪೫ ಅಥವಾ ೬೦ ಮೆಗಾಪಿಕ್ಸೆಲ್ಲಿಗೆ ಹಣ ಸುರಿಯುವ ಅಗತ್ಯವಿಲ್ಲ. ಕೆಲವು ವರ್ಷ ಹಳೆಯ, ಬೇರೊಬ್ಬರು ಬಳಸಿ ಬಿಟ್ಟ ಕ್ಯಾಮರಾವೂ ಸಾಕಾಗುತ್ತದೆ. ಅದರಲ್ಲಿ ಇರಲೇಬೇಕಾದ ಗುಣಗಳು ಮೂರು: ದ್ಯುತಿರಂಧ್ರ ಮತ್ತು ಕಾಲವನ್ನು ನಾವೇ ನಿಯಂತ್ರಿಸುವ ಅವಕಾಶ, ಕಚ್ಚಾ ರೂಪದಲ್ಲಿ ಚಿತ್ರವನ್ನು ಉಳಿಸುವ ಸೌಕರ್ಯ, ಹಿಂಬದಿಯ ಪರದೆಯಲ್ಲಿ ಒಂದು ಭಾಗವನ್ನು ಹಿಗ್ಗಿಸಿ ಸ್ಫುಟತೆಯನ್ನು ಪರೀಕ್ಷಿಸುವ ಅನುಕೂಲ.

ಮೊಬೈಲ್ ದೂರವಾಣಿಯ ಕ್ಯಾಮರಾವನ್ನು ಹಗುರಾಗಿ ಕಾಣಬೇಕಿಲ್ಲ. ಓರೆಬೆಳಕಿನಲ್ಲಿ ಅದೂ ಅಕ್ಷರವನ್ನು ತೋರಿಸುತ್ತದೆ. ಆದರೆ ಅದರೊಳಗಿನ ಗಣಕವು ಚಿತ್ರವನ್ನು ನಯಗೊಳಿಸಿ ಅಂಚುಗಳನ್ನು ಹರಿತಗೊಳಿಸುತ್ತದೆ. ಸವೆದ ಗೀರು ಅಳಿಸಿಹೋಗಬಹುದು, ಇಲ್ಲದ ಗೀರು ಮೂಡಬಹುದು. ವಿವಾದಾಸ್ಪದವಾದ ಅಕ್ಷರಕ್ಕೆ ಅಂತಹ ಚಿತ್ರವನ್ನು ಸಾಕ್ಷಿಯಾಗಿ ಕರೆಯಲಾಗದು.

ಬೆಲೆಯಿಲ್ಲದ ಉಪಕರಣಗಳು

ಅಳತೆಯ ಪಟ್ಟಿಯಿಲ್ಲದ ಚಿತ್ರದಿಂದ ಅಕ್ಷರದ ಗಾತ್ರ ತಿಳಿಯದು. ಹತ್ತು ಸೆಂಟಿಮೀಟರಿನ ಪಟ್ಟಿಯೊಂದನ್ನು ಕಲ್ಲಿಗೆ ಅಂಟಿಸದೆ ಅದರ ಪಕ್ಕದಲ್ಲಿ ಇರಿಸಬೇಕು. ಬಳಪದ ಕಲ್ಲಿನ ಬಣ್ಣ ಕಪ್ಪು ಬೆರೆತ ಹಸಿರು. ಕ್ಯಾಮರಾದ ಮಾಪಕವು ಅದನ್ನು ಬೂದುಬಣ್ಣವೆಂದು ತಿಳಿದು ಚಿತ್ರವನ್ನು ಅತಿಯಾಗಿ ಬೆಳಗಿಸುತ್ತದೆ. ಬೂದುಬಣ್ಣದ ಹಲಗೆಯೊಂದರಿಂದ ಅಳೆದರೆ ಈ ತಪ್ಪು ಇರದು. ಕೊನೆಯದಾಗಿ, ಒಂದು ಪುಸ್ತಕ ಮತ್ತು ಪೆನ್ಸಿಲು: ಯಾವ ಕಲ್ಲು, ಎಲ್ಲಿ, ಯಾವ ಮುಖ, ಯಾವ ದಿನ, ಬೆಳಕು ಎತ್ತಣಿಂದ ಎಂಬುದನ್ನು ಸ್ಥಳದಲ್ಲಿಯೇ ಬರೆದಿಡಬೇಕು. ಮನೆಗೆ ಬಂದ ದಿನವೇ ಚಿತ್ರಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸಬೇಕು.

ತಪ್ಪನ್ನು ತಿದ್ದಿಕೊಳ್ಳಲು ಕೆಲವು ವರ್ಷಗಳ ನಂತರ ನಾನು ಅವೇ ಕಲ್ಲುಗಳ ಮುಂದೆ ಮತ್ತೆ ನಿಂತೆ. ಕೈಯಲ್ಲಿದ್ದದ್ದು ಅದೇ ಹಳೆಯ ಕ್ಯಾಮರಾ. ಜೊತೆಗೆ ಒಂದು ಮುಕ್ಕಾಲಿ, ಒಂದು ಸಣ್ಣ ದೀಪ, ದೀಪವನ್ನು ಓರೆಯಾಗಿ ಹಿಡಿಯಲು ಒಬ್ಬ ವಿದ್ಯಾರ್ಥಿ. ಓದಲಾಗದಿದ್ದ ಅಂಕೆ ಆ ದಿನ ಓದಿಗೆ ಸಿಕ್ಕಿತು. ಆದರೆ ಮೊದಲ ಭೇಟಿಯಲ್ಲಿ ಇದ್ದ ಅಂಚಿನ ಒಂದೆರಡು ಅಕ್ಷರಗಳು ಚಕ್ಕೆಯೆದ್ದು ಹೋಗಿದ್ದವು. ನೇರ ಬೆಳಕಿನಲ್ಲಿ ತೆಗೆದ ನನ್ನ ಹಳೆಯ ಚಿತ್ರಗಳಲ್ಲಿ ಅವು ಇರಲಿಲ್ಲ. ಸಾಧನಗಳನ್ನು ಆರಿಸುವವರು ಈ ನಷ್ಟವನ್ನು ಲಕ್ಷ್ಯದಲ್ಲಿಟ್ಟು ಆರಿಸಬೇಕೆಂಬುದು ಈ ಲೇಖಕನ ವಿಜ್ಞಾಪನೆ.